ಅಪರೂಪ ಬರುವ ದಾರಿ

ಹತ್ತು ರೂಪಾಯಿಯ ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ. ಹೆಡ್ಡು ಬಿದ್ದರೆ ‘ಹೆ’, ಟೇಲು ಬಿದ್ದರೆ ‘ಟೇ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆರು ಅಥವಾ ಅದಕ್ಕಿಂತ ಹೆಚ್ಚು ಹೆಡ್ಡು ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಹತ್ತು ಚಿಮ್ಮುಗಳು ಬೀಳಬಹುದಾದ ಬಗೆಗಳು ಒಟ್ಟು 1,024. ಅವುಗಳಲ್ಲಿ 386 ಬಗೆಗಳು ಇಂಥವೇ, ಅಂದರೆ ನೂರಕ್ಕೆ ಸುಮಾರು 38. ಈಗ ನೂರು ಸಲ ಚಿಮ್ಮಿ, 60 ಅಥವಾ ಹೆಚ್ಚು ಹೆಡ್ಡು ಬೇಕೆನ್ನಿ. ಅವಕಾಶ ನೂರಕ್ಕೆ ಮೂರಕ್ಕಿಂತ ಕೆಳಗಿಳಿಯುತ್ತದೆ. ಸಾವಿರ ಸಲ ಚಿಮ್ಮಿ 600 ಹೆಡ್ಡು ಕೇಳಿದರೆ ಉತ್ತರ ಸುಮಾರು 700 ಕೋಟಿಗೆ ಒಂದು. ಭೂಮಿಯ ಮೇಲಿರುವ ಒಬ್ಬೊಬ್ಬರೂ ಕೂತು ಸಾವಿರ ಸಲ ನಾಣ್ಯ ಚಿಮ್ಮಿದರೆ, ಎಲ್ಲೋ ಒಬ್ಬರಿಗೆ ಒಲಿಯಬಹುದಾದ ಅದೃಷ್ಟ ಅದು.

ಮೂರೂ ಸಲ ಕೇಳಿದ ಪ್ರಮಾಣ ಒಂದೇ, ನೂರಕ್ಕೆ ಅರವತ್ತು. ಚಿಮ್ಮುಗಳ ಸಂಖ್ಯೆ ಹೆಚ್ಚಿದ ಹಾಗೆ ಸರಾಸರಿಯಿಂದ ದೂರ ಸರಿಯುವುದು ಕಷ್ಟವಾಗುತ್ತದೆ ಎಂಬುದನ್ನು ಯಾಕೋಬ್ ಬರ್ನೂಲಿಯ ಪುಸ್ತಕ 1713ರಲ್ಲೇ ಸಾಧಿಸಿ ತೋರಿಸಿತ್ತು. ಸರಾಸರಿಯ ಅಕ್ಕಪಕ್ಕದ ಸಣ್ಣ ಏರಿಳಿತಗಳನ್ನು ಗಂಟೆಯಾಕಾರದ ರೇಖೆ ಚೆನ್ನಾಗಿ ಹೇಳುತ್ತದೆ. ಆದರೆ ಬಹುದೂರದ ಘಟನೆಗಳಿಗೆ ಆ ರೇಖೆಯನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿಗೆ ಬೇರೆ ಗಣಿತವೇ ಬೇಕು.

ಈ ಬರಹದ ಜೀವ ಇರುವುದು ಇನ್ನೊಂದು ಪ್ರಶ್ನೆಯಲ್ಲಿ. ಆ ಒಬ್ಬರು ನಮಗೆ ಸಿಕ್ಕರು ಎಂದುಕೊಳ್ಳೋಣ. ಸಾವಿರಕ್ಕೆ 600 ಹೆಡ್ಡು ಬಿದ್ದಿರುವ ಅವರ ನೋಟ್‌ಬುಕ್ಕನ್ನು ತೆರೆದರೆ ಒಳಗೆ ಏನು ಕಾಣುತ್ತದೆ? ಬರಬೇಕಾಗಿದ್ದ 500ಕ್ಕಿಂತ ನೂರು ಹೆಡ್ಡು ಹೆಚ್ಚಾಗಿ ಬಂದಿವೆಯಲ್ಲ, ಅವು ಎಲ್ಲಿಂದ ಬಂದವು? ಮೊದಲ 200 ಚಿಮ್ಮು ಪೂರಾ ಹೆಡ್ಡಾಗಿ, ಉಳಿದ 800 ಎಂದಿನಂತೆ ಅರ್ಧಕ್ಕರ್ಧ ಬಿದ್ದಿದ್ದರೂ ಮೊತ್ತ 600 ಆಗುತ್ತದೆ. ಆದರೆ ಸತತ 200 ಹೆಡ್ಡು ಬೀಳುವ ಅವಕಾಶ 61 ಅಂಕಿಗಳ ಒಂದು ಸಂಖ್ಯೆಗೆ ಒಂದರಷ್ಟು. 700 ಕೋಟಿಗೆ ಒಂದು ಎಂಬುದು ಅದರ ಮುಂದೆ ದಿನನಿತ್ಯದ ಮಾತು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಅಂಥ ಅಬ್ಬರ ಕಾಣುವುದಿಲ್ಲ. ಯಾವ ಪುಟ ತೆರೆದರೂ ನೂರಕ್ಕೆ ಹೆಚ್ಚುಕಡಿಮೆ ಅರವತ್ತು ಹೆಡ್ಡು, ಉದ್ದಕ್ಕೂ ಸಮವಾಗಿ ಹರಡಿಕೊಂಡು. ನಾಣ್ಯವೇ ಸ್ವಲ್ಪ ಸೊಟ್ಟಗಿತ್ತೇನೋ, ಅರವತ್ತು–ನಲವತ್ತರ ನಾಣ್ಯವೇ ಅದಾಗಿತ್ತೇನೋ ಎಂಬ ಹಾಗೆ. ನೆಟ್ಟಗಿನ ನಾಣ್ಯಕ್ಕೆ ಒಲಿದ ಅಪರೂಪದ ಅದೃಷ್ಟವನ್ನೂ ಸೊಟ್ಟ ನಾಣ್ಯದ ಸಾಮಾನ್ಯ ದಿನವನ್ನೂ ಪಕ್ಕಪಕ್ಕ ಇಟ್ಟರೆ, ಯಾವುದು ಯಾವುದೆಂದು ಪುಟ ನೋಡಿ ಹೇಳಲಾಗದು.

ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ಬಹಳ ಹೊತ್ತು ಬೇರೆ ಏನನ್ನೂ ಯೋಚಿಸಲು ಆಗಿರಲಿಲ್ಲ. ಆಕಸ್ಮಿಕ ಎಂದರೆ ಹೇಳದೆ ಕೇಳದೆ, ಗೊತ್ತುಗುರಿಯಿಲ್ಲದೆ ಎರಗುವುದು ಎಂದೇ ನಾವು ತಿಳಿದಿರುತ್ತೇವೆ. ಅದು ಎಂದು ಬರುತ್ತದೆ ಎಂಬುದು ತಿಳಿಯದು, ನಿಜ. ಆದರೆ ಬಂದಾಗ ಯಾವ ದಾರಿಯಲ್ಲಿ ಬಂದಿರುತ್ತದೆ ಎಂಬುದನ್ನು ಹೇಳಲು ಸಾಧ್ಯ. ಆ ದಾರಿಯನ್ನು ಹುಡುಕುವ ವಿದ್ಯೆಗೆ ‘ಬೃಹತ್ ವಿಚಲನೆಗಳ ಸಿದ್ಧಾಂತ’ ಎಂದು ಹೆಸರು. ಅದನ್ನು ಇಡಿಯಾಗಿ ಕಟ್ಟಿ ನಿಲ್ಲಿಸಿದವರು ಮದರಾಸಿನಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಕಲಿತು, ನ್ಯೂಯಾರ್ಕಿನಲ್ಲಿ ಬದುಕು ಕಟ್ಟಿಕೊಂಡ ಎಸ್. ಆರ್. ಶ್ರೀನಿವಾಸ ವರದನ್.

ಕಥೆಯ ಬೇರು ಮಾತ್ರ ಸ್ವೀಡನ್ನಿನ ವಿಮಾ ಲೆಕ್ಕದಲ್ಲಿದೆ. ವಿಮಾ ಕಂಪನಿ ಪ್ರತಿ ವರ್ಷ ಕಂತು ಕಟ್ಟಿಸಿಕೊಳ್ಳುತ್ತದೆ, ಬಂದ ಕ್ಲೇಮುಗಳಿಗೆ ಹಣ ಕೊಡುತ್ತದೆ. ಸರಾಸರಿಯ ಲೆಕ್ಕದಲ್ಲಿ ಅದಕ್ಕೆ ಲಾಭವೇ. ಆದರೂ ಒಂದು ಕೆಟ್ಟ ಕಾಲದಲ್ಲಿ ಕ್ಲೇಮುಗಳು ಸಾಲುಗಟ್ಟಿ ಬಂದು ತಿಜೋರಿ ಬರಿದಾಗುವ ಅವಕಾಶ ಎಷ್ಟು? ಫಿಲಿಪ್ ಲುಂಡ್‌ಬೆರಿ 1903ರಲ್ಲಿ ಈ ದಿವಾಳಿಯ ಪ್ರಶ್ನೆಯನ್ನು ಗಣಿತಕ್ಕೆ ತಂದರು. ಹರಾಲ್ಡ್ ಕ್ರಾಮೇರ್ 1938ರಲ್ಲಿ ಅದರ ತಿರುಳನ್ನು ಪ್ರಮೇಯವಾಗಿ ನಿಲ್ಲಿಸಿದರು. ನೆಟ್ಟಗಿನ ನಾಣ್ಯವನ್ನು ಲೆಕ್ಕಕ್ಕಾಗಿ ಬೇಕೆಂದೇ ಸೊಟ್ಟ ಮಾಡಿ, ಅಪರೂಪದ್ದು ಸಾಮಾನ್ಯವಾಗುವಂತೆ ನೋಡಿಕೊಂಡು, ಆಮೇಲೆ ಆ ಸೊಟ್ಟಕ್ಕೆ ತೆರಬೇಕಾದ ದಂಡವನ್ನು ಲೆಕ್ಕ ಹಾಕುವ ಉಪಾಯವನ್ನು ಅವರು ಬಳಸಿದರು. ಆದರೆ ಅದಕ್ಕೊಂದು ಷರತ್ತಿದೆ. ಒಂದೊಂದು ಕ್ಲೇಮೂ ತೀರಾ ಮಿತಿಮೀರಿ ದೊಡ್ಡದಾಗುವಂತಿರಬಾರದು. ಸ್ಕೂಟರಿನ ಸಣ್ಣಪುಟ್ಟ ಅಪಘಾತಗಳ ವಿಮೆಯಾದರೆ ಕಂಪನಿ ಮುಳುಗುವುದು ನೋಟ್‌ಬುಕ್ಕಿನ ರೀತಿಯಲ್ಲಿ: ಬಹಳ ಕಾಲ, ಎಲ್ಲ ಕಡೆಯಿಂದ, ವಾಡಿಕೆಗಿಂತ ತುಸು ಹೆಚ್ಚು ಕ್ಲೇಮು. ಭೂಕಂಪದ ವಿಮೆಯಾದರೆ ಹಾಗಲ್ಲ. ಅಲ್ಲಿ ಒಂದೇ ಒಂದು ಏಟು ಸಾಕು, ಉಳಿದದ್ದೆಲ್ಲ ಎಂದಿನಂತೆಯೇ ಇರುತ್ತದೆ. ಅಪಾಯದ ಲೆಕ್ಕ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನನ್ನ ಮಟ್ಟಿಗೆ, ಇದೇ: ನಮ್ಮ ಕೇಡು ಈ ಎರಡರಲ್ಲಿ ಯಾವ ಜಾತಿಯದು?

ಕ್ರಾಮೇರ್ ಹೆಸರು ಬಂದಾಗ ಸಂಖ್ಯಾಶಾಸ್ತ್ರ ಓದಿದವರಿಗೆ ಇನ್ನೊಂದು ಹೆಸರು ತಾನಾಗಿ ನಾಲಗೆಗೆ ಬರುತ್ತದೆ: ಕ್ರಾಮೇರ್–ರಾವ್. ಯಾವುದೇ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಎಲ್ಲೆ ಹಾಕುವ ಅಸಮತೆ ಅದು. 1945ರಲ್ಲಿ ಅದನ್ನು ಪ್ರಕಟಿಸಿದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಮಲ್ಲಿಗೆಗೆ ಹೆಸರಾದ ಆ ಊರು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತೆಲುಗು ಮನೆಮಾತಿನ ಹುಡುಗ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಕಲ್ಕತ್ತಾಕ್ಕೆ ಹೋಗಿ, ಪ್ರಶಾಂತಚಂದ್ರ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ವರದನ್ ಪಿಎಚ್.ಡಿ. ಮಾಡಿದ್ದು ಇದೇ ರಾವ್ ಅವರ ಮಾರ್ಗದರ್ಶನದಲ್ಲಿ. ಬೃಹತ್ ವಿಚಲನೆಗೆ ಬೀಜ ಬಿತ್ತಿದವರ ಹೆಸರೂ ಅದನ್ನು ಮರವಾಗಿ ಬೆಳೆಸಿದವರ ಗುರುವಿನ ಹೆಸರೂ ಬೇರೊಂದು ಪ್ರಮೇಯದಲ್ಲಿ ಒಂದಕ್ಕೊಂದು ಅಂಟಿಕೊಂಡಿರುವುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ವರದನ್ ಹುಟ್ಟಿದ್ದು 1940ರ ಜನವರಿ 2ರಂದು. ತಂದೆ ವಿಜ್ಞಾನ ಕಲಿಸುವ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೊಬ್ಬರು ವಾರದ ಕೊನೆಯಲ್ಲಿ ಮಕ್ಕಳನ್ನು ಮನೆಗೆ ಕರೆದು ಪಠ್ಯದಲ್ಲಿಲ್ಲದ ಲೆಕ್ಕಗಳನ್ನು ಕೊಡುತ್ತಿದ್ದರಂತೆ. ಗಣಿತವೆಂದರೆ ಪರೀಕ್ಷೆಯಲ್ಲ, ಆಟ ಎಂದು ವರದನ್ ಕಂಡುಕೊಂಡಿದ್ದು ಅಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ 1959ರಲ್ಲಿ ಕಲ್ಕತ್ತಾಕ್ಕೆ ಹೋದಾಗ ಅವರ ಕಣ್ಣಿದ್ದದ್ದು ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣದ ಕಡೆಗೆ. ದಿಕ್ಕು ಬದಲಿಸಿದವರು ಅಲ್ಲಿದ್ದ ಹಿರಿಯ ಗೆಳೆಯರು: ಕೆ. ಆರ್. ಪಾರ್ಥಸಾರಥಿ, ರಂಗರಾವ್, ವಿ. ಎಸ್. ವರದರಾಜನ್. ಪಾಠ ಹೇಳುವವರು ಬೇರೆ ಇಲ್ಲದ ವಿಷಯಗಳನ್ನು ಈ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಕಲಿತರು. ಸಂಭವನೀಯತೆಗೆ 1933ರಲ್ಲಿ ಭದ್ರ ತಳಹದಿ ಹಾಕಿದ ರಷ್ಯಾದ ಆಂಡ್ರೇ ಕೊಲ್ಮೊಗೊರೊವ್ 1962ರಲ್ಲಿ ಕಲ್ಕತ್ತಾಕ್ಕೆ ಬಂದಿದ್ದರು. ವರದನ್ ಅವರ ಪ್ರಬಂಧದ ಪರೀಕ್ಷಕರಲ್ಲಿ ಅವರೂ ಒಬ್ಬರು. 1963ರಲ್ಲಿ, 23ರ ವಯಸ್ಸಿನಲ್ಲಿ, ವರದನ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಾಂಟ್ ಸಂಸ್ಥೆಗೆ ಹೋದರು. ಮುಂದಿನ ವೃತ್ತಿಜೀವನವೆಲ್ಲ ಅಲ್ಲಿಯೇ.

ಅವರ 1966ರ ಪ್ರಬಂಧ ಮಾಡಿದ ಕೆಲಸವನ್ನು ‘ಬೆಲೆ’ ಎಂಬ ಮಾತಿನಿಂದ ಹೇಳಿದರೆ ಸುಲಭ. ಸರಾಸರಿಯಿಂದ ದೂರವಿರುವ ಪ್ರತಿ ಫಲಿತಾಂಶಕ್ಕೂ ಒಂದು ಬೆಲೆಯಿದೆ. ನಾಣ್ಯದ ಮಟ್ಟಿಗೆ ಅರ್ಧಕ್ಕರ್ಧದ ಬೆಲೆ ಸೊನ್ನೆ. ನೂರಕ್ಕೆ ಅರವತ್ತರ ಬೆಲೆ ಸುಮಾರು 0.02, ಎಪ್ಪತ್ತರದು 0.08, ಪೂರಾ ಹೆಡ್ಡಿನದು 0.69. ಚಿಮ್ಮುಗಳ ಸಂಖ್ಯೆಯನ್ನು ಬೆಲೆಯಿಂದ ಗುಣಿಸಿದರೆ ಬರುವುದೇ ಒಟ್ಟು ದಂಡ. ಅವಕಾಶವು ಆ ದಂಡಕ್ಕೆ ತಕ್ಕಂತೆ ಘಾತದ ವೇಗದಲ್ಲಿ ಕುಸಿಯುತ್ತದೆ. ಒಂದೇ ಗುರಿಗೆ ಹಲವು ದಾರಿಗಳಿದ್ದು ಒಂದರ ಬೆಲೆ 2, ಇನ್ನೊಂದರದು 3 ಎಂದಿದ್ದರೆ? ನೂರು ಹೆಜ್ಜೆ ಹೋಗುವಷ್ಟರಲ್ಲಿ ಎರಡನೆಯ ದಾರಿಯ ಪಾಲು ಮೊದಲನೆಯದರ ಮುಂದೆ 44 ಅಂಕಿಗಳ ಸಂಖ್ಯೆಗೆ ಒಂದರಷ್ಟು ಆಗಿಬಿಟ್ಟಿರುತ್ತದೆ. ಎಲ್ಲಕ್ಕಿಂತ ಅಗ್ಗದ ದಾರಿಯೊಂದೇ ಉಳಿಯುತ್ತದೆ, ಮಿಕ್ಕವು ಇದ್ದೂ ಇಲ್ಲದ ಹಾಗೆ. ಕ್ರಾಮೇರ್ ಮಾಡಿದ್ದು, ರಷ್ಯಾದ ಸಾನೋವ್ 1957ರಲ್ಲಿ ಮಾಡಿದ್ದು, ಹೀಗೆ ಅಲ್ಲೊಂದು ಇಲ್ಲೊಂದು ಇದ್ದ ಫಲಿತಾಂಶಗಳು ಒಂದೇ ಮರದ ಕೊಂಬೆಗಳು ಎಂದು ವರದನ್ ಕಂಡರು. ನಾಣ್ಯದ ಮೊತ್ತಕ್ಕಷ್ಟೇ ಅಲ್ಲ, ನೀರಿನಲ್ಲಿ ಅಲೆಯುವ ಪರಾಗದ ಕಣವೊಂದರ ಇಡೀ ಪಯಣಕ್ಕೂ ಬೆಲೆ ಕಟ್ಟಬಹುದು ಎಂದು ತೋರಿಸಿದರು.

ಮರುವರ್ಷದ, 1967ರ, ಕೆಲಸ ನನಗೆ ಇನ್ನೂ ಹತ್ತಿರದ್ದು. ಅದನ್ನು ಅಡುಗೆಮನೆಯಲ್ಲೇ ನೋಡಬಹುದು. ತಣ್ಣಗಿರುವ ದೋಸೆ ಕಾವಲಿಯ ಒಂದು ಅಂಚಿಗೆ ಕಾದ ಸೂಜಿಯ ಮೊನೆ ತಾಗಿಸಿ, ಎದುರಿನ ಅಂಚನ್ನು ಗಮನಿಸಿ. ಶಾಖದ ಸಮೀಕರಣದ ಪ್ರಕಾರ ಮರುಕ್ಷಣವೇ ಅಲ್ಲಿಗೂ ಶಾಖ ಮುಟ್ಟಿರುತ್ತದೆ, ಯಾವ ಬೆರಳಿಗೂ ತಿಳಿಯದಷ್ಟು ಅತ್ಯಲ್ಪ. ಎಷ್ಟು ಅಲ್ಪ? ಆ ಅಳತೆಯ ಲಾಗರಿದಮ್ ತೆಗೆದು, ಕಳೆದ ಸಮಯದಿಂದ ಗುಣಿಸಿ, ಸಮಯವನ್ನು ಸೊನ್ನೆಯ ಕಡೆಗೆ ಇಳಿಸುತ್ತ ಹೋದರೆ, ಒಂದು ಸ್ಥಿರ ಗುಣಕ ಬಿಟ್ಟರೆ, ಸಿಗುವುದು ಎರಡು ಬಿಂದುಗಳ ನಡುವಿನ ದೂರದ ವರ್ಗ. ಕಾವಲಿಯ ನಡುವೆ ಒಂದು ಸೀಳಿದ್ದರೆ, ಸೀಳನ್ನು ಬಳಸಿಕೊಂಡು ಬರುವ ದೂರ. ಕಬ್ಬಿಣದ ನಡುವೆ ತಾಮ್ರದ ಪಟ್ಟಿ ಬೆಸೆದಿದ್ದರೆ, ತಾಮ್ರ ಶಾಖಕ್ಕೆ ಕೊಡುವ ಸಲೀಸನ್ನೂ ಸೇರಿಸಿ ಅಳೆದ ದೂರ. ಶಾಖವೆಂದರೆ ಅಸಂಖ್ಯ ಕಣಗಳ ಗೊತ್ತುಗುರಿಯಿಲ್ಲದ ಅಲೆದಾಟ. ಅಷ್ಟು ಬೇಗ ಅಷ್ಟು ದೂರ ಹೋಗುವ ಕಣ ಅಪರೂಪದಲ್ಲಿ ಅಪರೂಪ. ಹಾಗೆ ಹೋದದ್ದು ಮಾತ್ರ ಎಲ್ಲಕ್ಕಿಂತ ಹತ್ತಿರದ ದಾರಿ ಹಿಡಿದೇ ಹೋಗಿರುತ್ತದೆ. ಈ ಸೂತ್ರಕ್ಕೆ ಈಗ ವರದನ್ ಹೆಸರಿದೆ. 2013ರಲ್ಲಿ ಕೀನನ್ ಕ್ರೇನ್ ಮತ್ತು ಸಂಗಡಿಗರು ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಉಬ್ಬುತಗ್ಗಿನ ಮೇಲ್ಮೈಗಳ ದೂರ ಅಳೆಯಲು ಇದನ್ನೇ ಆಧಾರವಾಗಿ ಹಿಡಿದರು. ಪರದೆಯ ಮೇಲಿನ ಆಕೃತಿಗೆ ಒಂದು ಬಿಂದುವಿನಲ್ಲಿ ಲೆಕ್ಕದ ಶಾಖ ಕೊಟ್ಟು, ಕ್ಷಣ ಬಿಟ್ಟು ಅದು ಹರಡಿದ ಬಗೆಯಿಂದ ದೂರ ಓದುವ ವಿಧಾನ ಅದು.

ಆಮೇಲಿನ ವರ್ಷಗಳಲ್ಲಿ ಎರಡು ಜೊತೆಗಾರಿಕೆಗಳು ನಡೆದವು. ಡ್ಯಾನಿಯಲ್ ಸ್ಟ್ರೂಕ್ ಜೊತೆಗಿನದು ಅಲೆದಾಟದ ಪ್ರಕ್ರಿಯೆ ಎಂದರೇನು ಎಂಬ ವ್ಯಾಖ್ಯೆಯನ್ನೇ ಹೊಸದಾಗಿ ಕೊಟ್ಟಿತು. ನಿರೀಕ್ಷಿತ ಸೆಳೆತವನ್ನು ಕಳೆದ ಮೇಲೆ ಉಳಿಯುವುದು ಯಾರಿಗೂ ಲಾಭವಿಲ್ಲದ ನ್ಯಾಯದ ಜೂಜಿನಂತಿದ್ದರೆ ಸಾಕು, ಪ್ರಕ್ರಿಯೆಯನ್ನು ಅದರಿಂದಲೇ ಗುರುತಿಸಬಹುದು ಎಂಬುದು ಅದರ ಮೂಲ ವಿಚಾರ. 1979ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ಕಾಲಿಡುವವರು ಇಂದಿಗೂ ದಾಟಲೇಬೇಕಾದ ಹೊಸ್ತಿಲು. ಮನ್ರೋ ಡಾನ್ಸ್‌ಕರ್ ಜೊತೆಗಿನದು ಬೃಹತ್ ವಿಚಲನೆಯ ಮುಂದಿನ ಅಧ್ಯಾಯ. ಅದರಲ್ಲಿ ಒಂದು ಫಲಿತಾಂಶದ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಮರಳಿನಲ್ಲಿ ಬಾಣಲೆಯಂಥ ಪುಟ್ಟ ಕುಣಿ ತೋಡಿ, ತಳದಲ್ಲಿ ಇರುವೆಗಾಗಿ ಕಾದು ಕೂರುವ ಹುಳುವನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಕೊನೆಮೊದಲಿಲ್ಲದ ಮರಳುಬಯಲು. ಅದರ ತುಂಬ ಅಲ್ಲಲ್ಲಿ ಮನಸೋಇಚ್ಛೆ ಹರಡಿದ ಕುಣಿಗಳು. ನಡುವೆ ದಿಕ್ಕಿಲ್ಲದೆ ಅಲೆಯುವ ಒಂದು ಇರುವೆ. ಕುಣಿ ಮುಟ್ಟಿದರೆ ಅದರ ಕಥೆ ಮುಗಿಯಿತು. ಬಹಳ ಕಾಲ ಕಳೆದ ಮೇಲೂ ಇರುವೆ ಬದುಕಿರುವ ಅವಕಾಶ ಎಷ್ಟು? ಪ್ರತಿ ನಿಮಿಷಕ್ಕೂ ಇಷ್ಟಿಷ್ಟು ಅಪಾಯ, ಹಾಗಾಗಿ ಹೊತ್ತು ಹೆಚ್ಚಿದಷ್ಟೂ ದಂಡ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಅದು ತಪ್ಪು. ಹಾಗೆ ಲೆಕ್ಕ ಹಾಕಿದವರು ಇರುವೆಯ ಆಯುಸ್ಸನ್ನು ಬಹಳ ಕಡಿಮೆ ಕಟ್ಟಿರುತ್ತಾರೆ.

ಬದುಕುಳಿಯುವ ಅಗ್ಗದ ದಾರಿ ಬೇರೆಯಿದೆ. ಇರುವೆ ಹೊರಟ ಜಾಗದ ಸುತ್ತ, ಆಕಸ್ಮಿಕವಾಗಿ, ಒಂದು ವೃತ್ತದಷ್ಟು ನೆಲದಲ್ಲಿ ಕುಣಿಯೇ ಇಲ್ಲದಿರಬಹುದು. ಇರುವೆಯೂ, ಆಕಸ್ಮಿಕವಾಗಿ, ಅಷ್ಟು ಕಾಲವೂ ಆ ವೃತ್ತದೊಳಗೇ ಸುತ್ತಾಡುತ್ತಿರಬಹುದು. ಎರಡಕ್ಕೂ ಬೆಲೆಯಿದೆ. ಖಾಲಿ ವೃತ್ತ ದೊಡ್ಡದಾದಷ್ಟೂ ಅದು ಸಿಗುವುದು ದುರ್ಲಭ, ಆ ಬೆಲೆ ತ್ರಿಜ್ಯದ ವರ್ಗದಂತೆ ಏರುತ್ತದೆ. ವೃತ್ತ ಚಿಕ್ಕದಾದಷ್ಟೂ ಅದರೊಳಗೇ ಉಳಿಯುವುದು ಕಷ್ಟ, ಆ ಬೆಲೆ ಕಾಲವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದಷ್ಟು. ಎರಡನ್ನೂ ಕೂಡಿಸಿ ಮೊತ್ತ ಅತಿ ಕಡಿಮೆಯಾಗುವ ಅಳತೆಯನ್ನು ಹುಡುಕಿದರೆ, ತ್ರಿಜ್ಯ ಕಾಲದ ನಾಲ್ಕನೆಯ ಮೂಲದಂತೆ ಬೆಳೆಯಬೇಕು ಎಂದು ಬರುತ್ತದೆ. ದಂಡ ಕಾಲದ ವರ್ಗಮೂಲದಷ್ಟು ಮಾತ್ರ. ಕಾಲ 16 ಪಟ್ಟಾದರೆ ವೃತ್ತದ ತ್ರಿಜ್ಯ 2 ಪಟ್ಟು, ದಂಡ 4 ಪಟ್ಟು. ಇಷ್ಟನ್ನು ಕಾಗದ ಪೆನ್ಸಿಲ್ ಹಿಡಿದು ಯಾರಾದರೂ ಮಾಡಬಹುದು. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ, ಯಾವ ಜಾಣ ಆಕಾರವೂ ಯಾವ ಸಂಚೂ ಇದನ್ನು ಮೀರದು ಎಂದು ಸಾಧಿಸುವುದೇ ಕಷ್ಟದ ಭಾಗ. ಡಾನ್ಸ್‌ಕರ್ ಮತ್ತು ವರದನ್ 1975ರಲ್ಲಿ ಸಾಧಿಸಿದ್ದು ಅದನ್ನೇ. ಇರುವೆ ಬದುಕಬೇಕಾದರೆ ಅದರ ಜಾಡಿನಲ್ಲಿ ಕುಣಿ ಇರಬಾರದು. ಹೀಗೆ ಅಲೆಯುವ ಕಣ ತನ್ನ ಹಿಂದೆ ಬಿಟ್ಟುಹೋಗುವ ಕೊಳವೆಯಂಥ ಜಾಡಿಗೆ ಗಣಿತಜ್ಞರು ‘ವೀನರ್ ಸಾಸೇಜ್’ ಎನ್ನುತ್ತಾರೆ. ಅದರ ಗಾತ್ರದ ಬಗ್ಗೆ, ಭೌತವಿಜ್ಞಾನದ ಕಡೆಯಿಂದ, ಮಾರ್ಕ್ ಕಾಟ್ಸ್ ಎತ್ತಿದ್ದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು.

ಬಹಳ ಹೊತ್ತು ಬದುಕಿದ ಇರುವೆಯನ್ನು ಕಂಡು, ಎಷ್ಟು ಜಾಣತನದಿಂದ ಕುಣಿಗಳನ್ನು ತಪ್ಪಿಸಿಕೊಂಡಿತು ಎಂದು ನಾವು ಮೆಚ್ಚಿಬಿಡುತ್ತೇವೆ. ಗಣಿತ ತೋರಿಸುವ ಚಿತ್ರ ಬೇರೆ. ಅದು ತಪ್ಪಿಸಿಕೊಂಡೇ ಇಲ್ಲ. ಕುಣಿಯಿಲ್ಲದ ನೆಲದಲ್ಲಿ ಹುಟ್ಟಿ, ಅಲ್ಲೇ ಇತ್ತು.

ಈ ವಿದ್ಯೆಯ ಉಪಯೋಗ ದೂರದಲ್ಲೇನೂ ಇಲ್ಲ. ಒಂದು ಜಾಲದ ಸರದಿಯಲ್ಲಿ ಡೇಟಾ ತುಂಬಿ ಚೆಲ್ಲುವ ಅವಕಾಶ 100 ಕೋಟಿಗೆ ಒಂದಕ್ಕಿಂತ ಕಡಿಮೆ ಇರಬೇಕು ಎಂದರೆ, ಅದನ್ನು ಪರೀಕ್ಷಿಸುವುದು ಹೇಗೆ? ಕಂಪ್ಯೂಟರಿನಲ್ಲಿ ಸುಮ್ಮನೆ ಅಣಕು ಪ್ರಯೋಗ ಮಾಡುತ್ತ ಕೂತರೆ ಒಂದು ಸಲ ಚೆಲ್ಲುವುದನ್ನು ನೋಡಲು ನೂರಾರು ಕೋಟಿ ಸಲ ಓಡಿಸಬೇಕು. ನಮ್ಮ ನಾಣ್ಯಕ್ಕೇ ಮರಳೋಣ. ಸಾವಿರಕ್ಕೆ 600 ಹೆಡ್ಡಿನ ಅವಕಾಶವನ್ನು ಅಳೆಯಲು ನೆಟ್ಟಗಿನ ನಾಣ್ಯವನ್ನು ಬಿಟ್ಟು, ಬೇಕೆಂದೇ ಅರವತ್ತು–ನಲವತ್ತರ ಸೊಟ್ಟ ನಾಣ್ಯವನ್ನು ಚಿಮ್ಮಿಸಿ. ಈಗ ಸುಮಾರು ಅರ್ಧದಷ್ಟು ಪ್ರಯೋಗಗಳಲ್ಲಿ 600 ದಾಟುತ್ತದೆ. ಆದರೆ ಅಂಥ ಒಂದೊಂದು ಪ್ರಯೋಗವನ್ನೂ ಒಂದೆಂದು ಎಣಿಸುವಂತಿಲ್ಲ. ಸರಿಯಾಗಿ 600 ಹೆಡ್ಡು ಬಿದ್ದ ಪ್ರಯೋಗದ ತೂಕ 55 ಕೋಟಿಯ ಒಂದು ಪಾಲು, ಅದಕ್ಕಿಂತ ಹೆಚ್ಚು ಬಿದ್ದದ್ದರ ತೂಕ ಇನ್ನೂ ಕಡಿಮೆ. ಆ ತೂಕಗಳ ಸರಾಸರಿ ತೆಗೆದರೆ ಕೆಲವೇ ಸಾವಿರ ಪ್ರಯೋಗಗಳಲ್ಲಿ ಒಳ್ಳೆಯ ಉತ್ತರ ಕೈಗೆ ಬರುತ್ತದೆ. ಯಾವ ಕಡೆಗೆ ಎಷ್ಟು ಸೊಟ್ಟ ಮಾಡಬೇಕು ಎಂಬುದನ್ನು ಹೇಳುವುದು ಬೃಹತ್ ವಿಚಲನೆಯ ಸಿದ್ಧಾಂತ. ದಾರಿ ಗೊತ್ತಿಲ್ಲದೆ ಸೊಟ್ಟ ಮಾಡಿದರೆ ಅಂದಾಜು ಕೆಟ್ಟೇ ಹೋಗುತ್ತದೆ.

2007ರ ಆಬೆಲ್ ಪ್ರಶಸ್ತಿ ವರದನ್ ಅವರಿಗೆ ಸಂದಿತು. ಸಂಭವನೀಯತೆಗೆ ನೀಡಿದ ಮೂಲಭೂತ ಕೊಡುಗೆಗಾಗಿ, ವಿಶೇಷವಾಗಿ ಬೃಹತ್ ವಿಚಲನೆಗಳಿಗೆ ಏಕೀಕೃತ ಸಿದ್ಧಾಂತ ಕಟ್ಟಿದ್ದಕ್ಕಾಗಿ. ಭಾರತದಲ್ಲಿ ಹುಟ್ಟಿದವರಲ್ಲಿ ಅದನ್ನು ಪಡೆದ ಮೊದಲಿಗರು ಅವರು. 2008ರಲ್ಲಿ ಪದ್ಮಭೂಷಣ, 2023ರಲ್ಲಿ ಪದ್ಮವಿಭೂಷಣ ಬಂದವು. ಅದೇ 2023ರ ಆಗಸ್ಟ್‌ನಲ್ಲಿ ಗುರು ಸಿ. ಆರ್. ರಾವ್ 102ರ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶಸ್ತಿಯ ನಂತರವೂ ಕೆಲಸ ನಿಲ್ಲಲಿಲ್ಲ. 2011ರಲ್ಲಿ, 71ರ ಪ್ರಾಯದಲ್ಲಿ, ವರದನ್ ಅವರು ಸೌರವ್ ಚಟರ್ಜಿ ಜೊತೆಗೂಡಿ ಬರೆದ ಪ್ರಬಂಧ ಪ್ರಕಟವಾಯಿತು. ಚಟರ್ಜಿ ಕೂಡ ಕಲ್ಕತ್ತಾದ ಅದೇ ಸಂಸ್ಥೆಯಲ್ಲಿ ಓದಿದವರು. ಪ್ರಶ್ನೆ ಹೀಗಿತ್ತು. ಬಹಳಷ್ಟು ಜನ ಇದ್ದಾರೆ. ಪ್ರತಿ ಇಬ್ಬರ ನಡುವೆಯೂ ನಾಣ್ಯ ಚಿಮ್ಮಿ ಸ್ನೇಹ ಉಂಟೋ ಇಲ್ಲವೋ ಎಂದು ತೀರ್ಮಾನಿಸುತ್ತೇವೆ. ಮೂವರೂ ಪರಸ್ಪರ ಸ್ನೇಹಿತರಾದರೆ ಅದೊಂದು ತ್ರಿಕೋನ. ಅಂಥ ತ್ರಿಕೋನಗಳು ಬರಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಬಂದುಬಿಟ್ಟರೆ, ಒಳಗೆ ನಡೆದದ್ದೇನು?

ನಾಣ್ಯದ ನೋಟ್‌ಬುಕ್ಕನ್ನು ನೋಡಿದವರು ಥಟ್ಟನೆ ಹೇಳುತ್ತಾರೆ: ಸ್ನೇಹಗಳೆಲ್ಲ ಎಲ್ಲ ಕಡೆಯೂ ಸಮವಾಗಿ ತುಸು ಹೆಚ್ಚಿರಬೇಕು. ಇರುವೆಯನ್ನು ನೋಡಿದವರು ತಡೆದು ಹೇಳುತ್ತಾರೆ: ಎಲ್ಲೋ ಒಂದು ಕಡೆ ಎಲ್ಲರಿಗೂ ಎಲ್ಲರೂ ಸ್ನೇಹಿತರಾದ ಒಂದು ಗುಂಪು ಕೂಡಿಬಂದಿರಬೇಕು. ಚಟರ್ಜಿ–ವರದನ್ ಲೆಕ್ಕದಲ್ಲಿ ಎರಡಕ್ಕೂ ಜಾಗವಿದೆ. ಸ್ನೇಹದ ಮೂಲ ಅವಕಾಶ ಎಷ್ಟು, ತ್ರಿಕೋನಗಳು ಎಷ್ಟು ಹೆಚ್ಚು ಬೇಕು ಎಂಬುದನ್ನು ಅವಲಂಬಿಸಿ ಕೆಲವೊಮ್ಮೆ ಸಮವಾಗಿ ಹರಡುವುದು ಅಗ್ಗ. ಅವಕಾಶ ತೀರಾ ಕಡಿಮೆಯಿದ್ದಾಗ ಕೆಲವು ಕಡೆ ಗುಂಪುಗಟ್ಟುವ ಬಗೆಯೇ ಅಗ್ಗ. ಒಂದು ಬಗೆ ಹಿಂದೆ ಸರಿದು ಇನ್ನೊಂದು ಮುಂದೆ ಬರುವ ಗಡಿ ಎಲ್ಲಿದೆ ಎಂದು ಹುಡುಕುವ ಕೆಲಸವನ್ನು ಆಮೇಲೆ ಬಂದ ಕಿರಿಯರು ಕೈಗೆತ್ತಿಕೊಂಡಿದ್ದಾರೆ.